ಗ್ರಾಂಜೈಮ್: ಸೋಂಕಿತ ಕೋಶಕ್ಕೆ ಸಾವಿನ ಅಪ್ಪಣೆ



ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 1952ರಲ್ಲಿ ಫಾರ್ಕರ್ ಮತ್ತು ಕ್ಲೇರೋ ಎಂಬ ಇಬ್ಬರು ವೈದ್ಯರು ಒಂದು ವರದಿ ಪ್ರಕಟಿಸಿದರು. ಒಂದೇ ತಾಯಿಯ ಎರಡು ಎಳೆಗೂಸುಗಳು ಒಂದೇ ಕಾಯಿಲೆಯಿಂದ ತೀರಿಕೊಂಡಿದ್ದವು. ಈ ಕಾಯಿಲೆ ಜ್ವರದಿಂದ ಶುರುವಾಗುತ್ತದೆ. ಜ್ವರ ಇಳಿಯುವುದಿಲ್ಲ. ಗುಲ್ಮ ಊದಿಕೊಂಡು ಎಡ ಪಕ್ಕೆಲುಬಿನ ಕೆಳಗೆ ಕೈಗೆ ಸಿಗುವಷ್ಟು ದೊಡ್ಡದಾಗುತ್ತದೆ, ಯಕೃತ್ತೂ ಹಾಗೆಯೇ. ಮಗು ಬಿಳಿಚಿಕೊಳ್ಳುತ್ತದೆ. ಪ್ಲೇಟ್‌ಲೆಟ್ ಇಳಿದು ಮೈಮೇಲೆ ಕೆಂಪು ಚುಕ್ಕೆಗಳು ಏಳುತ್ತವೆ. ಅಸ್ಥಿಮಜ್ಜೆಯ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಾಣುವುದು ಇನ್ನೂ ವಿಚಿತ್ರ. ಮ್ಯಾಕ್ರೋಫೇಜ್ ಎಂಬ ದೊಡ್ಡ ಬಿಳಿಕೋಶ ಆ ಮಗುವಿನದೇ ಕೆಂಪು ರಕ್ತಕಣಗಳನ್ನು, ಪ್ಲೇಟ್‌ಲೆಟ್‌ಗಳನ್ನು ಇಡಿಯಾಗಿ ನುಂಗಿ ಒಡಲಲ್ಲಿ ಇಟ್ಟುಕೊಂಡಿರುತ್ತದೆ.

ಆ ಕಾಲಕ್ಕೆ ಇದಕ್ಕೆ ಮದ್ದಿರಲಿಲ್ಲ. ಆ್ಯಂಟಿಬಯೋಟಿಕ್ ನಾಟುತ್ತಿರಲಿಲ್ಲ. ಹೆಚ್ಚಿನ ಕೂಸುಗಳು ಒಂದೆರಡು ತಿಂಗಳಲ್ಲೇ ಕೈಬಿಟ್ಟು ಹೋಗುತ್ತಿದ್ದವು. ರೋಗನಿರೋಧಕ ವ್ಯವಸ್ಥೆ ಮಿತಿಮೀರಿ ಕೆರಳಿದೆ ಎಂಬುದು ಕಣ್ಣಿಗೇ ಕಾಣುತ್ತಿತ್ತು, ಯಾಕೆ ಕೆರಳಿತು ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಉತ್ತರದ ಮೊದಲ ತುಂಡು ಸಿಕ್ಕಿದ್ದು 47 ವರ್ಷಗಳ ನಂತರ, 1999ರಲ್ಲಿ. ಎಲ್ಲರೂ ಎಣಿಸಿದ್ದಕ್ಕೆ ಅದು ತಿರುವುಮುರುವಾಗಿತ್ತು. ಈ ಮಕ್ಕಳ ದೇಹದಲ್ಲಿ ಒಂದು ಕೊರತೆ ಇತ್ತು. ಸೋಂಕು ತಗುಲಿದ ಕೋಶವನ್ನು ಕೊಲ್ಲುವುದು ಅವರ ಬಿಳಿಕೋಶಗಳಿಗೆ ಆಗುತ್ತಿರಲಿಲ್ಲ.

ಕೊಲ್ಲಲಾಗದ್ದಕ್ಕೂ ಕೆರಳುವುದಕ್ಕೂ ಏನು ಸಂಬಂಧ? ಅದು ತಿಳಿಯಬೇಕಾದರೆ ಗ್ರಾಂಜೈಮ್ ಎಂಬ ಕಿಣ್ವದ ಪರಿಚಯ ಆಗಬೇಕು. ಈ ಹೊತ್ತಿನ ನನ್ನ ಮಾತು ಅದರ ಬಗ್ಗೆ.

ವೈರಸ್ ತಾನಾಗಿ ಬೆಳೆಯಲಾರದು. ನಮ್ಮ ಕೋಶದೊಳಕ್ಕೆ ನುಗ್ಗಿ, ಅಲ್ಲಿರುವ ಸಲಕರಣೆಗಳಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ರಕ್ತದಲ್ಲಿ ಓಡಾಡುವ ಆ್ಯಂಟಿಬಾಡಿಗಳಿಗೆ ಕೋಶದ ಹೊರಗಿರುವ ವೈರಸ್ ಸಿಗುತ್ತದೆಯೇ ಹೊರತು ಒಳಗೆ ಸೇರಿಕೊಂಡದ್ದು ಸುಲಭಕ್ಕೆ ಸಿಗದು. ಹಾಗಾಗಿ ವೈರಸ್ ಹೊರಬಿದ್ದು ಹರಡುವ ಮೊದಲೇ ಆ ಕೋಶವನ್ನೇ ಮುಗಿಸಬೇಕಾಗುತ್ತದೆ. ಈ ಕೆಲಸಕ್ಕೆ ನಮ್ಮ ರಕ್ತದಲ್ಲಿ ಎರಡು ಬಗೆಯ ಬಿಳಿಕೋಶಗಳಿವೆ: ಕೊಲ್ಲುವ ಟಿ ಕೋಶ ಮತ್ತು ಎನ್‌ಕೆ ಕೋಶ.

ಒಳಗೆ ವೈರಸ್ ಇದೆಯೆಂದು ಹೊರಗಿರುವ ಟಿ ಕೋಶಕ್ಕೆ ತಿಳಿಯುವುದು ಹೇಗೆ? ಬೆಳಗ್ಗೆ ಕಸ ಒಯ್ಯಲು ಬರುವ ಪೌರಕಾರ್ಮಿಕರನ್ನು ನೆನೆಸಿಕೊಳ್ಳಿ. ಯಾರ ಮನೆಯಲ್ಲಿ ನಿನ್ನೆ ಏನು ಅಡುಗೆ ಎಂಬುದು ಒಳಗೆ ಕಾಲಿಡದೆಯೇ ಅವರಿಗೆ ಗೊತ್ತು. ಗೇಟಿನ ಬಳಿ ಇಟ್ಟ ಬುಟ್ಟಿಯಲ್ಲಿರುವ ಸಿಪ್ಪೆ ಹೇಳುತ್ತದೆ. ನಮ್ಮ ಹೆಚ್ಚುಕಡಿಮೆ ಪ್ರತಿಯೊಂದು ಕೋಶವೂ ತನ್ನೊಳಗಿನ ಹಳೆಯ ಪ್ರೋಟೀನುಗಳನ್ನು ಎಂಟು-ಹತ್ತು ಅಮೈನೋ ಆಮ್ಲಗಳ ಚೂರುಗಳಾಗಿ ಕತ್ತರಿಸಿ ಪೊರೆಯ ಮೇಲೆ ಇಡುತ್ತಲೇ ಇರುತ್ತದೆ. ಅವುಗಳಲ್ಲಿ ವೈರಸ್ಸಿನ ಚೂರು ಕಂಡರೆ ಟಿ ಕೋಶ ಅಲ್ಲೇ ನಿಲ್ಲುತ್ತದೆ.

ಇದು ಗೊತ್ತಾದದ್ದು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ, 1973-74ರ ಸುಮಾರಿಗೆ. ಪೀಟರ್ ಡೋಹರ್ಟಿ ಓದಿದ್ದು ಪಶುವೈದ್ಯ. ರಾಲ್ಫ್ ಜಿಂಕರ್‌ನಾಗೆಲ್ ಸ್ವಿಟ್ಜರ್ಲೆಂಡಿನಿಂದ ಬಂದ ವೈದ್ಯ. ಮಿದುಳಿನ ಪೊರೆಗೆ ಉರಿಯೂತ ತರುವ ಒಂದು ವೈರಸ್ಸನ್ನು ಇಬ್ಬರೂ ಇಲಿಗಳಲ್ಲಿ ಅಭ್ಯಾಸ ಮಾಡುತ್ತಿದ್ದರು. ಅವರು ಬಳಸಿದ ವಿಧಾನ ಸರಳ, ಅಷ್ಟೇ ಸುಂದರ. ಸೋಂಕು ತಗುಲಿಸಿದ ಕೋಶಗಳಿಗೆ ವಿಕಿರಣ ಸೂಸುವ ಕ್ರೋಮಿಯಂ ಉಣ್ಣಿಸುವುದು; ಮೇಲೆ ಕೊಲ್ಲುವ ಕೋಶಗಳನ್ನು ಹಾಕುವುದು; ಸತ್ತ ಕೋಶ ಸೋರಿ ಹೊರಬಿದ್ದ ಕ್ರೋಮಿಯಂ ಎಷ್ಟೆಂದು ಅಳೆಯುವುದು. ಒಂದು ತಳಿಯ ಇಲಿಯ ಕೊಲ್ಲುವ ಕೋಶಗಳು ಅದೇ ತಳಿಯ ಸೋಂಕಿತ ಕೋಶಗಳನ್ನು ಕೊಂದವು. ಅದೇ ವೈರಸ್ ತಗುಲಿದ್ದರೂ ಬೇರೆ ತಳಿಯ ಕೋಶಗಳನ್ನು ಮುಟ್ಟಲಿಲ್ಲ. ಅಂದರೆ ಟಿ ಕೋಶಕ್ಕೆ ವೈರಸ್ಸಿನ ಗುರುತೊಂದೇ ಸಾಲದು, ಅದನ್ನು ಹಿಡಿದು ತೋರಿಸುವ ಪ್ರೋಟೀನೂ ತನ್ನ ದೇಹದ್ದೇ ಆಗಿರಬೇಕು. ಇಬ್ಬರಿಗೂ 1996ರಲ್ಲಿ ನೊಬೆಲ್ ಬಂತು.

ಗುರುತಿಸುವುದೇನೋ ತಿಳಿಯಿತು, ಕೊಲ್ಲುವುದು ಹೇಗೆ? ಕೊಲ್ಲುವ ಕೋಶವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರೊಳಗೆ ಕಪ್ಪಗೆ ಒತ್ತಾಗಿ ತುಂಬಿದ ಪುಟ್ಟ ಚೀಲಗಳು ಕಾಣುತ್ತವೆ. 1980ರ ದಶಕದಲ್ಲಿ ಹಲವು ಪ್ರಯೋಗಾಲಯಗಳು ಈ ಚೀಲಗಳನ್ನು ಬೇರ್ಪಡಿಸಿ ಒಳಗೇನಿದೆ ಎಂದು ನೋಡಿದವು. ಮೊದಲು ಸಿಕ್ಕಿದ್ದು ಪರ್ಫೊರಿನ್ ಎಂಬ ಪ್ರೋಟೀನ್. ಸುಮಾರು 20 ಪರ್ಫೊರಿನ್ ಅಣುಗಳು ಕೋಶದ ಪೊರೆಯ ಮೇಲೆ ಸುತ್ತಾಗಿ ಸೇರಿ ಒಂದು ರಂಧ್ರ ಮಾಡುತ್ತವೆ. ರಂಧ್ರದ ಅಗಲ 15 ನ್ಯಾನೋಮೀಟರ್ ಆಸುಪಾಸು. ಒಂದು ನ್ಯಾನೋಮೀಟರ್ ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ತೂತು ಬಿದ್ದ ಮೇಲೆ ಕೋಶ ಸೋರಿ ಸಾಯುತ್ತದೆ, ಇಷ್ಟೇ ವಿಷಯ ಎಂದು ಅನೇಕರು ನಂಬಿದರು.

ಲೆಕ್ಕ ಮಾತ್ರ ಸರಿಹೊಂದುತ್ತಿರಲಿಲ್ಲ. ತೂತಿನಿಂದ ಸತ್ತ ಕೋಶ ಉಬ್ಬಿ ಒಡೆಯಬೇಕು. ಟಿ ಕೋಶದಿಂದ ಸತ್ತ ಕೋಶ ಹಾಗಿರಲಿಲ್ಲ. ಅದು ಕುಗ್ಗುತ್ತಿತ್ತು, ಅದರ ಕೋಶಕೇಂದ್ರ ಮುದುಡುತ್ತಿತ್ತು, ಡಿಎನ್‌ಎ ಅಳತೆಯಿಟ್ಟ ತುಂಡುಗಳಾಗಿ ಕತ್ತರಿಸಿಹೋಗುತ್ತಿತ್ತು. ಪೊರೆಗೆ ಬಿದ್ದ ರಂಧ್ರ ಡಿಎನ್‌ಎಯನ್ನು ಕತ್ತರಿಸಲಾರದು. ಇನ್ನೇನೋ ಒಳಗೆ ಹೋಗಿರಲೇಬೇಕು.

ಆ ‘ಇನ್ನೇನೋ’ ಅದೇ ಚೀಲಗಳಲ್ಲಿತ್ತು. ಸ್ವಿಟ್ಜರ್ಲೆಂಡಿನ ಲೊಸಾನ್ನಿನಲ್ಲಿ ಯುರ್ಗ್ ಚೋಪ್ ಮತ್ತು ಅವರ ಜೊತೆಗಾರರು 1987ರ ಹೊತ್ತಿಗೆ ಚೀಲದೊಳಗಿನ ಒಂದು ಇಡೀ ಕಿಣ್ವ ಕುಟುಂಬವನ್ನು ಬೇರ್ಪಡಿಸಿ ತೋರಿಸಿದರು. ಬೇರೆ ಪ್ರಯೋಗಾಲಯಗಳೂ ಇದೇ ಕಿಣ್ವಗಳನ್ನು ಬೇರೆ ದಾರಿಯಿಂದ ತಲುಪಿದ್ದವು. ಇವೇ ಗ್ರಾಂಜೈಮುಗಳು. ಮನುಷ್ಯರಲ್ಲಿ ಐದು ಇವೆ: ಎ, ಬಿ, ಎಚ್, ಕೆ ಮತ್ತು ಎಂ. ಇಲಿಯಲ್ಲಿ ಇನ್ನೂ ಹೆಚ್ಚು.

ಇವು ನಮಗೆ ತೀರಾ ಹೊಸ ಕುಲದವೇನಲ್ಲ. ಊಟದ ಪ್ರೋಟೀನನ್ನು ಕರುಳಿನಲ್ಲಿ ಜೀರ್ಣಿಸುವ ಟ್ರಿಪ್ಸಿನ್, ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಇದೇ ಕುಟುಂಬದವು. ಎಲ್ಲವೂ ಪ್ರೋಟೀನ್ ಕತ್ತರಿಸುವ ಕಿಣ್ವಗಳು. ಎಲ್ಲಿ ಕತ್ತರಿಸಬೇಕು ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಟ್ರಿಪ್ಸಿನ್ ಲೈಸಿನ್ ಅಥವಾ ಆರ್ಜಿನಿನ್ ಎಂಬ ಅಮೈನೋ ಆಮ್ಲದ ನಂತರ ಕತ್ತರಿಸುತ್ತದೆ. ಗ್ರಾಂಜೈಮ್ ಎ ಕೂಡ ಹಾಗೆಯೇ. ಗ್ರಾಂಜೈಮ್ ಬಿ ಮಾತ್ರ ಆಸ್ಪಾರ್ಟಿಕ್ ಆಮ್ಲದ ನಂತರ ಕತ್ತರಿಸುತ್ತದೆ. ಈ ಕುಲದಲ್ಲಿ ಇದು ಬಲು ಅಪರೂಪದ ಅಭಿರುಚಿ, ಯಾಕಿರಬಹುದೆಂದು ಮೊದಮೊದಲು ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಮಣ್ಣಿನಲ್ಲಿ ಬದುಕುವ, ಒಂದು ಮಿಲಿಮೀಟರ್ ಉದ್ದದ ಒಂದು ಹುಳುವಿನಿಂದ. ಆ ಹುಳುವಿನ ಬೆಳವಣಿಗೆಯಲ್ಲಿ ಕೆಲವು ಕೋಶಗಳು ಗೊತ್ತಾದ ಹೊತ್ತಿಗೆ ತಾವಾಗಿಯೇ ಸಾಯುತ್ತವೆ. ಆ ಸಾವನ್ನು ನಡೆಸುವ ಜೀನನ್ನು ಅಮೆರಿಕದ ರಾಬರ್ಟ್ ಹಾರ್ವಿಟ್ಸ್ ಅವರ ಪ್ರಯೋಗಾಲಯ 1993ರಲ್ಲಿ ಓದಿ ತೋರಿಸಿತು. ನಮ್ಮ ಕೋಶಗಳಲ್ಲೂ ಅದರ ಬಂಧುಗಳಿವೆ. ಅವಕ್ಕೆ ಕ್ಯಾಸ್ಪೇಸ್ ಎಂದು ಹೆಸರು. ಕ್ಯಾಸ್ಪೇಸುಗಳು ಪ್ರೋಟೀನನ್ನು ಕತ್ತರಿಸುವುದು ಆಸ್ಪಾರ್ಟಿಕ್ ಆಮ್ಲದ ನಂತರ. ಅವು ಎಚ್ಚರಗೊಳ್ಳುವುದೂ ಅದೇ ಜಾಗದಲ್ಲಿ ಕತ್ತರಿಸಿಕೊಂಡಾಗ. ಗ್ರಾಂಜೈಮ್ ಬಿಯ ಅಭಿರುಚಿಗೆ ಕಾರಣ ಅಲ್ಲಿತ್ತು. ಹೊರಗಿನಿಂದ ಬಂದ ಈ ಕಿಣ್ವ ಕೋಶವನ್ನು ತಾನೇ ನಿಂತು ಒಡೆಯುವುದಿಲ್ಲ. ಪ್ರತಿ ಕೋಶದಲ್ಲೂ ಹುಟ್ಟಿನಿಂದಲೇ ಇರುವ, ಮಲಗಿರುವ, ಸ್ವಯಂ ಮರಣದ ವ್ಯವಸ್ಥೆಯನ್ನು ಅದು ಎಬ್ಬಿಸುತ್ತದೆ. ಸಾಯುವ ಕೆಲಸವನ್ನು ಕೋಶವೇ ಮುಗಿಸಿಕೊಳ್ಳುತ್ತದೆ. ಇಷ್ಟು ವರ್ಷ ಜೀವವಿಜ್ಞಾನ ಓದಿಯೂ ಈ ಜಾಗಕ್ಕೆ ಬಂದಾಗ ನನಗೆ ಇಂದಿಗೂ ಬೆರಗು.

ಆ ಕೆಲವು ನಿಮಿಷಗಳಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಗ್ರಾಂಜೈಮ್ ತಯಾರಾಗುವಾಗಲೇ ಅದರ ತುದಿಯಲ್ಲಿ ಎರಡು ಅಮೈನೋ ಆಮ್ಲಗಳು ಹೆಚ್ಚಿಗೆ ಅಂಟಿಕೊಂಡಿರುತ್ತವೆ. ಅವು ಇರುವವರೆಗೆ ಕಿಣ್ವ ನಿಷ್ಕ್ರಿಯ. ಚೀಲ ಸೇರಿದ ಮೇಲೆ ಕೆಥೆಪ್ಸಿನ್ ಸಿ ಎಂಬ ಇನ್ನೊಂದು ಕಿಣ್ವ ಆ ಎರಡನ್ನು ಕತ್ತರಿಸಿ ತೆಗೆಯುತ್ತದೆ. ಆದರೂ ಚೀಲದೊಳಗಿನ ಆಮ್ಲೀಯತೆಯಲ್ಲಿ ಅದು ಕೆಲಸ ಮಾಡಲಾರದು. ಸರ್ಗ್ಲೈಸಿನ್ ಎಂಬ ಅಣುವಿಗೆ ಅಂಟಿಕೊಂಡು ಬಿದ್ದಿರುತ್ತದೆ. ಟಿ ಕೋಶ ಸೋಂಕಿತ ಕೋಶವನ್ನು ಗುರುತಿಸಿ ಅಂಟಿಕೊಂಡ ಕೂಡಲೇ ಒಳಗಿನ ಇಡೀ ಏರ್ಪಾಡು ಆ ದಿಕ್ಕಿಗೆ ತಿರುಗುತ್ತದೆ. ಕೇಂಬ್ರಿಜ್ಜಿನ ಜಿಲಿಯನ್ ಗ್ರಿಫಿತ್ಸ್ ಅವರ ತಂಡ ಇದನ್ನು ಚಿತ್ರಗಳಲ್ಲಿ ಹಿಡಿದಿದೆ: ಕೋಶದ ನಡುವೆ ಇರುವ ಸೆಂಟ್ರೊಸೋಮ್ ಎಂಬ ಭಾಗ ಸರಿದು ಬಂದು, ಎರಡು ಕೋಶಗಳು ಅಂಟಿಕೊಂಡ ಜಾಗದ ಪೊರೆಗೆ ತಾಗಿಯೇ ನಿಲ್ಲುತ್ತದೆ. ಚೀಲಗಳು ಅದನ್ನು ಹಿಂಬಾಲಿಸಿ ಅಲ್ಲಿಗೇ ಬಂದು, ನಡುವಿನ ಕಿರಿದಾದ ಸಂದಿಯಲ್ಲಿ ಮಾತ್ರ ತೆರೆದುಕೊಳ್ಳುತ್ತವೆ. ಪಕ್ಕದ ಆರೋಗ್ಯವಂತ ಕೋಶಕ್ಕೆ ತೊಟ್ಟೂ ತಾಗದಂತೆ.

ಸಂದಿಯಲ್ಲಿ ಆಮ್ಲೀಯತೆ ಇಲ್ಲ, ಕ್ಯಾಲ್ಸಿಯಂ ಇದೆ. ಪರ್ಫೊರಿನ್ನಿಗೆ ಬೇಕಾದದ್ದೂ ಅದೇ. ಅದು ಸೋಂಕಿತ ಕೋಶದ ಪೊರೆಯಲ್ಲಿ ರಂಧ್ರ ತೆರೆಯುತ್ತದೆ. ಮೆಲ್ಬರ್ನಿನ ಸಂಶೋಧಕರು ಈ ಗಳಿಗೆಯನ್ನು 2013ರಲ್ಲಿ ಚಲನಚಿತ್ರವಾಗಿ ತೋರಿಸಿದರು. ಸುತ್ತಲಿನ ದ್ರವದಲ್ಲಿ ಒಂದು ಬಣ್ಣ ಬೆರೆಸಿಟ್ಟಿದ್ದರು. ಪೊರೆ ಗಟ್ಟಿಯಿರುವವರೆಗೆ ಅದು ಒಳಹೋಗದು, ಹೋದರೆ ಕೆಂಪಗೆ ಹೊಳೆಯುತ್ತದೆ. ಟಿ ಕೋಶ ಅಂಟಿಕೊಂಡ ಸ್ವಲ್ಪ ಹೊತ್ತಿಗೆ ಎದುರಿನ ಕೋಶದಲ್ಲಿ ಸಣ್ಣಗೆ ಕೆಂಪು ಮಿನುಗುತ್ತದೆ, ಅಷ್ಟಕ್ಕೇ ನಿಂತುಬಿಡುತ್ತದೆ. ಎರಡು ನಿಮಿಷದೊಳಗೆ ಆ ಕೋಶ ತನ್ನ ತೂತನ್ನು ತಾನೇ ಮುಚ್ಚಿಕೊಂಡಿರುತ್ತದೆ! ಆದರೆ ಅಷ್ಟರಲ್ಲಿ ಗ್ರಾಂಜೈಮ್ ಒಳಗೆ ಹೋಗಿ ಆಗಿರುತ್ತದೆ.

ಒಳಗೆ ಹೋದ ಗ್ರಾಂಜೈಮ್ ಬಿ ಎರಡು ಕಡೆ ಕೈ ಹಾಕುತ್ತದೆ. ಕ್ಯಾಸ್ಪೇಸ್-3ನ್ನು ಕತ್ತರಿಸಿ ಎಬ್ಬಿಸುತ್ತದೆ; ಬಿಡ್ ಎಂಬ ಪ್ರೋಟೀನನ್ನು ಕತ್ತರಿಸಿ ಮೈಟೊಕಾಂಡ್ರಿಯಗಳನ್ನು ಸೋರಿಸುತ್ತದೆ. ಅಲ್ಲಿಂದ ಮುಂದೆ ತಡೆಯುವವರಿಲ್ಲ. ಕೋಶದ ಸ್ವಂತ ಕಿಣ್ವಗಳೇ ಡಿಎನ್‌ಎ ಕತ್ತರಿಸುತ್ತವೆ, ಕೋಶಕೇಂದ್ರದ ಹಂದರ ಬಿಚ್ಚುತ್ತವೆ. ಕೋಶ ಗುಂಡಗಾಗುತ್ತದೆ, ಮೈಯೆಲ್ಲ ಗುಳ್ಳೆ ಏಳುತ್ತದೆ, ಪೊರೆಯೊಳಗೆ ಕಟ್ಟಿದ ತುಂಡುಗಳಾಗಿ ಒಡೆಯುತ್ತದೆ. ಮ್ಯಾಕ್ರೋಫೇಜುಗಳು ಬಂದು ಆ ತುಂಡುಗಳನ್ನು ತಿಂದು ಜಾಗ ಶುಚಿ ಮಾಡುತ್ತವೆ. ವೈರಸ್ ಚೆಲ್ಲಿ ಹರಡಲು ಎಡೆಯೇ ಇಲ್ಲ. ಟಿ ಕೋಶ ಅಷ್ಟು ಹೊತ್ತಿಗೆ ಕಳಚಿಕೊಂಡು ಇನ್ನೊಂದು ಸೋಂಕಿತ ಕೋಶದತ್ತ ಹೊರಟಿರುತ್ತದೆ.

ಎಲ್ಲ ಸಲವೂ ಸಾವು ಇಷ್ಟು ಸದ್ದಿಲ್ಲದ್ದಲ್ಲ ಎಂದು 2020ರಲ್ಲಿ ತಿಳಿದುಬಂತು. ಬೀಜಿಂಗಿನ ಶಾವೊ ಫೆಂಗ್ ಅವರ ತಂಡ ಗ್ರಾಂಜೈಮ್ ಎ, ಬಾಸ್ಟನ್ನಿನ ಜೂಡಿ ಲೀಬರ್‌ಮನ್ ಅವರ ತಂಡ ಗ್ರಾಂಜೈಮ್ ಬಿ, ಗ್ಯಾಸ್ಡರ್ಮಿನ್ ಎಂಬ ಪ್ರೋಟೀನುಗಳನ್ನು ಕತ್ತರಿಸಿ ಕೋಶ ಉಬ್ಬಿ ಒಡೆಯುವಂತೆ ಮಾಡಬಲ್ಲವು ಎಂದು ತೋರಿಸಿದವು. ಒಡೆದ ಕೋಶ ಸುತ್ತಲಿನ ಬಿಳಿಕೋಶಗಳನ್ನು ಕೂಗಿ ಕರೆಯುತ್ತದೆ. ಕ್ಯಾನ್ಸರ್ ಗೆಡ್ಡೆಯಲ್ಲಿ ಅದು ಒಳ್ಳೆಯದೇ.

ವೈರಸ್ಸುಗಳೇನು ಸುಮ್ಮನೆ ಕುಳಿತಿವೆಯೇ? ಹಸುವಿಗೆ ಸಿಡುಬು ತರುವ ವೈರಸ್ ಗ್ರಾಂಜೈಮ್ ಬಿಯನ್ನು ಕಟ್ಟಿಹಾಕುವ ಪ್ರೋಟೀನನ್ನು ತಯಾರಿಸುತ್ತದೆ. ನೆಗಡಿ, ಕಣ್ಣುಬೇನೆ ತರುವ ಅಡಿನೋವೈರಸ್ಸೂ ಇಂಥ ಒಂದನ್ನು ಮಾಡುತ್ತದೆ. ಆಗ ನಮ್ಮ ಕೊಲ್ಲುವ ಕೋಶದ ಚೀಲದಲ್ಲಿರುವ ಗ್ರಾಂಜೈಮ್ ಎಚ್ ಬಂದು ಅಡಿನೋವೈರಸ್ಸಿನ ಆ ಪ್ರೋಟೀನನ್ನೇ ಕತ್ತರಿಸಿ ಗ್ರಾಂಜೈಮ್ ಬಿಯನ್ನು ಬಿಡಿಸುತ್ತದೆ. ಐದೈದು ಗ್ರಾಂಜೈಮ್ ಯಾಕೆ ಬೇಕಿತ್ತು ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಈ ಉದಾಹರಣೆ.

ಇಷ್ಟು ಅಪಾಯದ ಸರಕು ಹೊತ್ತ ಕೋಶ ತಾನೇ ಸಾಯುವುದಿಲ್ಲವೇ ಎಂಬ ಅನುಮಾನ ನಿಮಗೆ ಬಂದಿರಬಹುದು. ಟಿ ಕೋಶದ ಪೊರೆಯ ಕೊಬ್ಬಿನ ಜೋಡಣೆ ಬಹಳ ಒತ್ತಾಗಿರುವುದರಿಂದ ಪರ್ಫೊರಿನ್ ಅಲ್ಲಿ ನಾಟುವುದು ಕಷ್ಟ. ಒಂದಿಷ್ಟು ಗ್ರಾಂಜೈಮ್ ಬಿ ಒಳಗೇ ಸೋರಿದರೂ ಅದನ್ನು ಹಿಡಿದು ನಿಲ್ಲಿಸಲು ಸರ್ಪಿನ್-ಬಿ9 ಎಂಬ ಪ್ರೋಟೀನ್ ಕಾಯುತ್ತಿರುತ್ತದೆ.

ಈಗ ಆ ಜ್ವರದ ಕೂಸುಗಳ ವಿಷಯಕ್ಕೆ ಬರೋಣ.

1994ರಲ್ಲಿ ಜ್ಯೂರಿಕ್ಕಿನಲ್ಲಿ ಪರ್ಫೊರಿನ್ ಜೀನನ್ನೇ ತೆಗೆದುಹಾಕಿದ ಇಲಿಗಳನ್ನು ಬೆಳೆಸಿದರು. ಆ ತಂಡದಲ್ಲಿ ಕ್ಯಾನ್‌ಬೆರಾದ ಕೆಲಸದಿಂದ ಹೆಸರಾದ ಜಿಂಕರ್‌ನಾಗೆಲ್ ಇದ್ದರು. ಪರೀಕ್ಷಿಸಿದ್ದು ಅದೇ ಹಳೆಯ ವೈರಸ್ಸಿನಿಂದ. ಇಲಿಗಳ ಟಿ ಕೋಶಗಳು ಎಂದಿನಂತೆ ಎಚ್ಚೆತ್ತವು, ಸಂಖ್ಯೆಯಲ್ಲಿ ಹೆಚ್ಚಿದವು, ಆದರೆ ವೈರಸ್ಸನ್ನು ಅಳಿಸಲಾಗಲಿಲ್ಲ. 1999ರಲ್ಲಿ ಡಲ್ಲಾಸ್ ಮತ್ತು ಪ್ಯಾರಿಸ್ಸಿನ ಸಂಶೋಧಕರು ಕೂಡಿ, ಎಡಿನ್‌ಬರೋದ ವರದಿಯಲ್ಲಿದ್ದ ಬಗೆಯ ಕಾಯಿಲೆ ಇರುವ ಮಕ್ಕಳ ಜೀನುಗಳನ್ನು ಪರೀಕ್ಷಿಸಿದರು. ಹಲವು ಮಕ್ಕಳಲ್ಲಿ ಹತ್ತನೇ ಕ್ರೋಮೋಸೋಮಿನ ಮೇಲಿರುವ ಪರ್ಫೊರಿನ್ ಜೀನು ಕೆಟ್ಟಿತ್ತು. ಆ ಪ್ರಬಂಧದ ಹಿರಿಯ ಲೇಖಕರು ವಿನಯ್ ಕುಮಾರ್. ನಮ್ಮ ವೈದ್ಯಕೀಯ ಕಾಲೇಜುಗಳ ಮಕ್ಕಳೆಲ್ಲ ಓದುವ ರಾಬಿನ್ಸ್ ರೋಗಶಾಸ್ತ್ರ ಪುಸ್ತಕದ ಸಂಪಾದಕರಲ್ಲಿ ಅವರೂ ಒಬ್ಬರು.

ಆ ಮಕ್ಕಳ ಟಿ ಕೋಶದಲ್ಲಿ ಗ್ರಾಂಜೈಮ್ ಇದೆ, ಒಳಗೆ ಹೋಗಲು ದಾರಿಯಿಲ್ಲ. ಇದರಿಂದ ವೈರಸ್ ಉಳಿಯುತ್ತದೆ ಎಂಬುದು ಅರ್ಥವಾಗುವ ಮಾತು. ದೇಹ ಕೆರಳಿ ಬೇಯುವುದು ಯಾಕೆ?

2015ರಲ್ಲಿ ಮೆಲ್ಬರ್ನಿನ ತಂಡ ಇದಕ್ಕೆ ಉತ್ತರ ಹುಡುಕಿತು. ಅವರು ಮಾಡಿದ್ದು ಅಂಟಿಕೊಂಡ ಎರಡು ಕೋಶಗಳು ಎಷ್ಟು ಹೊತ್ತಿಗೆ ಬೇರೆಯಾಗುತ್ತವೆ ಎಂದು ಅಳೆದದ್ದು. ಸರಿಯಾದ ಟಿ ಕೋಶ ಕೊಂದು ಬೇಗನೆ ಕಳಚಿಕೊಳ್ಳುತ್ತದೆ. ಪರ್ಫೊರಿನ್ ಇಲ್ಲದ್ದು, ಗ್ರಾಂಜೈಮ್ ಇಲ್ಲದ್ದು ಸುಮಾರು ಐದು ಪಟ್ಟು ಹೆಚ್ಚು ಹೊತ್ತು ಅಂಟಿಕೊಂಡೇ ಇರುತ್ತದೆ. ‘ಆಯಿತು, ಇನ್ನು ಬಿಡು’ ಎಂಬ ಸೂಚನೆ ಬರಬೇಕಾದದ್ದು ಸಾಯುತ್ತಿರುವ ಕೋಶದಿಂದ, ಅದರೊಳಗೆ ಎಚ್ಚೆತ್ತ ಕ್ಯಾಸ್ಪೇಸುಗಳಿಂದ. ಎದುರಿನ ಕೋಶ ಸಾಯಲಿಲ್ಲವೆಂದರೆ ಸೂಚನೆಯೂ ಬರಲಿಲ್ಲ. ಅಂಟಿಕೊಂಡಿರುವಷ್ಟು ಹೊತ್ತೂ ಟಿ ಕೋಶ ಇಂಟರ್‌ಫೆರಾನ್-ಗಾಮಾ ಮೊದಲಾದ ಸಂದೇಶ ಪ್ರೋಟೀನುಗಳನ್ನು ಸುರಿಸುತ್ತಲೇ ಇರುತ್ತದೆ. ಅವು ಮ್ಯಾಕ್ರೋಫೇಜುಗಳನ್ನು ಕೆರಳಿಸುತ್ತವೆ. ಕೆರಳಿದ ಮ್ಯಾಕ್ರೋಫೇಜು ಕಂಡದ್ದನ್ನು ನುಂಗುತ್ತದೆ, ಜ್ವರ ಏರಿಸುವ ಪ್ರೋಟೀನುಗಳನ್ನು ತಾನೂ ಸುರಿಸುತ್ತದೆ. ಎಡಿನ್‌ಬರೋದ ಕೂಸುಗಳನ್ನು ಕೊಂಡೊಯ್ದಂಥ ಜ್ವರ ಹುಟ್ಟುವುದು ಹೀಗೆ.

ನಾನು ಈ ವಿಷಯವನ್ನು ಬಾನುಲಿಯಲ್ಲಿ ಮಾತಾಡಬೇಕೆಂದುಕೊಂಡದ್ದಕ್ಕೆ ಕಾರಣವೂ ಇದೇ. ಕೋವಿಡ್ ಬಂದಾಗಿನಿಂದ ನಮ್ಮಲ್ಲಿ ‘ಇಮ್ಯೂನಿಟಿ ಹೆಚ್ಚಿಸಿಕೊಳ್ಳಿ’ ಎಂಬ ಮಾತು ಮನೆಮಾತಾಗಿದೆ. ಅಂಗಡಿಯಲ್ಲಿ ಪುಡಿ, ಮಾತ್ರೆ, ಕಷಾಯದ ಬಾಟಲಿ ಎಲ್ಲದರ ಮೇಲೂ ಅದೇ ಬರಹ. ರೋಗನಿರೋಧಕ ಶಕ್ತಿಯನ್ನು ಪಾತ್ರೆಯಲ್ಲಿ ತುಂಬಿ ಅಳೆಯುವ ಪದಾರ್ಥ ಎಂದು ನಂಬಿಸುವುದು ಜನರಿಗೆ ಮಾಡುವ ಅನ್ಯಾಯ. ಒಬ್ಬ ಮನುಷ್ಯನ ಟಿ ಕೋಶಗಳು ಎಷ್ಟು ಜೋರಾಗಿ ಎಚ್ಚೆತ್ತವು ಎಂಬುದಕ್ಕಿಂತ ಕೆಲಸ ಮುಗಿಸಿ ಕಳಚಿಕೊಂಡವೇ ಎಂಬುದು ಮುಖ್ಯ. ಕೋವಿಡ್ಡಿನಲ್ಲಿ ಎಷ್ಟೋ ಜನ ವೈರಸ್ ಇಳಿದ ಮೇಲೂ ತಮ್ಮದೇ ಉರಿಯೂತದಿಂದ ತೀರಿಕೊಂಡರು, ಇನ್ನೆಷ್ಟೋ ಜನರ ಉಸಿರು ಉಳಿಸಲು ಸ್ಟೀರಾಯ್ಡ್ ಕೊಟ್ಟು ಆ ಶಕ್ತಿಯನ್ನು ತಗ್ಗಿಸಬೇಕಾಯಿತು ಎಂಬುದನ್ನು ನಾವು ಇಷ್ಟು ಬೇಗ ಮರೆಯಬಾರದು.

ಕೊಲ್ಲುವ ಈ ಏರ್ಪಾಡು ಕೆಡಲು ಪರ್ಫೊರಿನ್ ಒಂದೇ ದಾರಿಯಲ್ಲ. ಚೀಲಗಳನ್ನು ಪೊರೆಯವರೆಗೆ ಸಾಗಿಸುವ, ಅಲ್ಲಿ ತೆರೆಯಿಸುವ ಬೇರೆ ಪ್ರೋಟೀನುಗಳ ಜೀನು ಕೆಟ್ಟರೂ ಅದೇ ಕಾಯಿಲೆ. ಅವುಗಳಲ್ಲಿ ಒಂದನ್ನು ಹೇಳಲೇಬೇಕು. ಗ್ರಿಸೆಲ್ಲಿ ಎಂಬ ಕಾಯಿಲೆಯ ಎರಡನೇ ಬಗೆ ಇರುವ ಮಗುವಿನ ತಲೆಗೂದಲು, ಹುಬ್ಬು, ರೆಪ್ಪೆ ಹುಟ್ಟಿನಿಂದಲೇ ಬೆಳ್ಳಿ ಬಣ್ಣ. ಚರ್ಮದ ಕೋಶ ಕಪ್ಪು ವರ್ಣದ್ರವ್ಯದ ಚೀಲಗಳನ್ನು ಕೂದಲಿಗೆ ಸಾಗಿಸುವುದು, ಟಿ ಕೋಶ ಗ್ರಾಂಜೈಮಿನ ಚೀಲಗಳನ್ನು ಹೊರಬಿಡುವುದು, ಎರಡಕ್ಕೂ ರ‍್ಯಾಬ್-27ಎ ಎಂಬ ಒಂದೇ ಪ್ರೋಟೀನ್ ಬೇಕು. ಪ್ಯಾರಿಸ್ಸಿನ ತಂಡ ಇದನ್ನು 2000ದಲ್ಲಿ ಕಂಡುಹಿಡಿಯಿತು. ಇಂಥ ಮಗುವಿನ ಒಂದು ಕೂದಲೆಳೆಯನ್ನು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಬಣ್ಣ ಹರಡಿಕೊಳ್ಳದೆ ಗಂಟುಗಂಟಾಗಿ ನಿಂತಿರುವುದು ಕಾಣುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲೂ ಮಾಡಬಹುದಾದ ಪರೀಕ್ಷೆ ಇದು. ಕೂದಲು ಬೆಳ್ಳಗಿರುವ ಕೂಸನ್ನು ‘ಚೆಂದದ ಬಣ್ಣ’ ಎಂದು ಮುದ್ದಿಸಿ ಸುಮ್ಮನಾಗದೆ ಒಮ್ಮೆ ಮಕ್ಕಳ ವೈದ್ಯರಿಗೆ ತೋರಿಸಿ.

ಈ ಕಾಯಿಲೆಗಳು ಬರಬೇಕಾದರೆ ತಾಯಿಯಿಂದೊಂದು, ತಂದೆಯಿಂದೊಂದು, ಎರಡೂ ಕೆಟ್ಟ ಜೀನು ಮಗುವಿಗೆ ಸೇರಬೇಕು. ಒಂದು ಕೆಟ್ಟ ಜೀನು ಹೊತ್ತ ತಂದೆ ತಾಯಿ ಆರೋಗ್ಯವಾಗಿಯೇ ಇರುತ್ತಾರೆ. ಇಬ್ಬರೂ ಹೊತ್ತಿದ್ದರೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಸಂಭವ ನಾಲ್ಕರಲ್ಲೊಂದು. ಒಂದೇ ಅಜ್ಜನ ಜೀನು ಎರಡೂ ಕಡೆಯಿಂದ ಬರುವ ಸಾಧ್ಯತೆ ಸಂಬಂಧದೊಳಗಿನ ಮದುವೆಗಳಲ್ಲಿ ಹೆಚ್ಚು. ಕರ್ನಾಟಕದಲ್ಲಿ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದ ಹೆಣ್ಣುಮಕ್ಕಳು ಇಂದಿಗೂ ಸುಮಾರು ನಾಲ್ಕರಲ್ಲಿ ಒಬ್ಬರು ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಮಗು ಹೋದರೆ ಬಾಣಂತಿಯ ಕಾಲ್ಗುಣ, ದೇವರ ಮುನಿಸು ಎಂದು ಮಾತಾಡುವವರು ಇವತ್ತಿಗೂ ಇದ್ದಾರೆ. ಆ ತಾಯಿಯ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ.

ಚಿಕಿತ್ಸೆ ಈಗ ಇದೆ. 1994ರಲ್ಲಿ ಹಲವು ದೇಶಗಳ ವೈದ್ಯರು ಸೇರಿ ಒಂದು ಕ್ರಮ ರೂಪಿಸಿದರು: ಸ್ಟೀರಾಯ್ಡ್, ಜೊತೆಗೆ ಎಟೊಪೊಸೈಡ್ ಎಂಬ ಕ್ಯಾನ್ಸರ್ ಔಷಧ, ಜ್ವರ ತಗ್ಗಿದ ಮೇಲೆ ಅಸ್ಥಿಮಜ್ಜೆಯ ಕಸಿ. ಎಟೊಪೊಸೈಡ್ ಅತಿಯಾಗಿ ಕೆರಳಿದ ಟಿ ಕೋಶಗಳನ್ನು ಹುಡುಕಿದಂತೆ ಸಾಯಿಸುತ್ತದೆ. ಕಸಿಯಿಂದ ಹೊಸ, ಸರಿಯಾದ ಕೋಶಗಳು ಬರುತ್ತವೆ. ಮೊದಲು ಹೆಚ್ಚುಕಡಿಮೆ ಎಲ್ಲರೂ ಸಾಯುತ್ತಿದ್ದ ಕಾಯಿಲೆಯಲ್ಲಿ ಈ ಕ್ರಮದಿಂದ ಅರ್ಧಕ್ಕಿಂತ ಹೆಚ್ಚು ಮಕ್ಕಳು ಐದು ವರ್ಷ ದಾಟಿದರು. ಇಂಟರ್‌ಫೆರಾನ್-ಗಾಮಾವನ್ನು ಹಿಡಿದು ನಿಲ್ಲಿಸುವ ಎಮಾಪಲುಮ್ಯಾಬ್ ಎಂಬ ಔಷಧಕ್ಕೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಗ್ರಾಂಜೈಮಿನ ಅರಿವು ಬೇರೆ ಕಡೆಗಳಲ್ಲೂ ಕೈಗೆ ಬಂದಿದೆ. ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸುತ್ತಿದೆಯೇ ಎಂದು ತಿಳಿಯಲು ಸೂಜಿ ಚುಚ್ಚಿ ಚೂರು ತೆಗೆಯುವ ಬದಲು, ಮೂತ್ರದಲ್ಲಿರುವ ಕೋಶಗಳಲ್ಲಿ ಪರ್ಫೊರಿನ್ ಮತ್ತು ಗ್ರಾಂಜೈಮ್ ಬಿಯ ಸಂದೇಶ ಆರ್‌ಎನ್‌ಎ ಅಳೆಯಬಹುದು ಎಂದು ಮಾಣಿಕ್ಕಂ ಸುತಂತಿರನ್ ಅವರ ತಂಡ ನ್ಯೂಯಾರ್ಕಿನಿಂದ 2001ರಲ್ಲಿ ವರದಿ ಮಾಡಿತು. 2023ರ ಅಕ್ಟೋಬರಿನಲ್ಲಿ ಬಾಂಬೆ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯವರು ಅಭಿವೃದ್ಧಿಪಡಿಸಿದ ಕಾರ್-ಟಿ ಚಿಕಿತ್ಸೆಗೆ ನಮ್ಮ ದೇಶದಲ್ಲಿ ಅನುಮತಿ ದೊರೆಯಿತು. ರೋಗಿಯದೇ ಟಿ ಕೋಶಗಳನ್ನು ಹೊರತೆಗೆದು, ಕೆಲವು ಬಗೆಯ ರಕ್ತದ ಕ್ಯಾನ್ಸರ್ ಕೋಶಗಳನ್ನು ಗುರುತಿಸುವಂತೆ ತಿದ್ದಿ, ಮತ್ತೆ ದೇಹಕ್ಕೆ ಬಿಡುತ್ತಾರೆ. ತಿದ್ದಿದ್ದು ಗುರುತಿಸುವುದನ್ನು ಮಾತ್ರ. ಕೊಲ್ಲಲು ಅವೂ ಮುಖ್ಯವಾಗಿ ಬಳಸುವುದು ಅದೇ ಪರ್ಫೊರಿನ್, ಅದೇ ಗ್ರಾಂಜೈಮ್. ಆ ಕೋಶಗಳು ಅತಿಯಾಗಿ ಕೆರಳಿ ರೋಗಿಗೆ ಉರಿಜ್ವರ ಬರುವುದುಂಟು. ಆಗ ವೈದ್ಯರು ರಕ್ತದಲ್ಲಿ ಗಮನಿಸುವ ಅಳತೆಗಳಲ್ಲಿ ಫೆರಿಟಿನ್ ಎಂಬುದೊಂದು.

ಈ ಫೆರಿಟಿನ್ ಎಂಬ ಹೆಸರನ್ನು ನೀವು ನೆನಪಿಟ್ಟುಕೊಳ್ಳಬೇಕೆಂದು ನನ್ನ ಕೋರಿಕೆ. ಜೀನು ಸರಿಯಿರುವ ಮಕ್ಕಳಲ್ಲೂ ದೊಡ್ಡವರಲ್ಲೂ ಡೆಂಗಿ, ಸ್ಕ್ರಬ್ ಟೈಫಸ್ ಮುಂತಾದ ಸೋಂಕುಗಳ ಬೆನ್ನಿಗೆ ಇದೇ ಬಗೆಯ ಕೆರಳುವಿಕೆ ಬರುವುದನ್ನು ನಮ್ಮ ದೇಶದ ವೈದ್ಯರು ನೋಡುತ್ತಿದ್ದಾರೆ. ವಾರ ಕಳೆದರೂ ಬಿಡದ ಜ್ವರ, ಊದಿದ ಗುಲ್ಮ, ಇಳಿಯುತ್ತಿರುವ ರಕ್ತಕಣಗಳು, ಈ ಮೂರೂ ಒಟ್ಟಿಗೆ ಕಂಡರೆ ‘ಫೆರಿಟಿನ್ ನೋಡಿದ್ದೀರಾ ಡಾಕ್ಟ್ರೇ?’ ಎಂದು ಕೇಳಲು ಸಂಕೋಚ ಬೇಡ. ಅದು ಸಾವಿರಗಳಲ್ಲಿ ಏರಿದ್ದರೆ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕಳಿಸುವುದನ್ನು ತಡಮಾಡಬಾರದು. ಟಿ ಕೋಶ ಮತ್ತು ಎನ್‌ಕೆ ಕೋಶಗಳಲ್ಲಿ ಪರ್ಫೊರಿನ್ ಇದೆಯೇ ಎಂಬುದನ್ನು ಅಲ್ಲಿ ಸ್ವಲ್ಪವೇ ರಕ್ತದಿಂದ, ಫ್ಲೋ ಸೈಟೊಮೆಟ್ರಿ ಎಂಬ ವಿಧಾನದಿಂದ, ಜೀನು ಪರೀಕ್ಷೆಯ ವರದಿ ಬರುವುದಕ್ಕೂ ಮೊದಲೇ ತಿಳಿಯಬಹುದು.

ಮತ್ತೊಂದು ಮಾತು. ಮನೆಯಲ್ಲಿ ಹಿಂದೆ ಒಂದು ಕೂಸು ಹೀಗೆ ಜ್ವರದಲ್ಲಿ ಹೋಗಿದ್ದರೆ ವೈದ್ಯರ ಮುಂದೆ ಮುಚ್ಚಿಡಬೇಡಿ. ಅತ್ತೆಯವರು ಬೇಡವೆಂದರೂ ಹೇಳಿ, ಹಳೆಯ ಚೀಟಿ ಇದ್ದರೆ ಒಯ್ಯಿರಿ, ನೀವು ಸಂಬಂಧದಲ್ಲೇ ಮದುವೆಯಾದವರೆಂದೂ ತಿಳಿಸಿ. ಕೆಟ್ಟ ಜೀನು ಯಾವುದೆಂದು ಒಮ್ಮೆ ಗೊತ್ತಾದರೆ ಮುಂದಿನ ಬಸಿರಿನಲ್ಲಿ ಮೊದಲ ತಿಂಗಳುಗಳಲ್ಲೇ ಪರೀಕ್ಷೆ ಮಾಡಿಸಬಹುದು, ಕಾಯಿಲೆ ಇಲ್ಲದ ಅಣ್ಣನೋ ಅಕ್ಕನೋ ಇದ್ದರೆ ಅವರ ಅಸ್ಥಿಮಜ್ಜೆ ಹೊಂದುವುದೇ ಎಂದು ಮೊದಲೇ ನೋಡಿಡಬಹುದು.